ತರಬೇತಿ ವಿಮಾನ: ಸಹಿಯಷ್ಟೇ ಸಾಲದು

ಮಾನ್ಯರೇ,

ತರಬೇತಿ ವಿಮಾನ ಬಿದ್ದ ಸುದ್ದಿ ಬಂದರೆ ಮೊದಲು ಬೊಟ್ಟು ಮಾಡುವುದು ಪೈಲಟ್‌ನತ್ತ. ನಿರ್ವಹಣೆಯ ಲೋಪ ಬೆಳಕಿಗೆ ಬರುವುದು ತಡವಾಗಿ. ಕಾರಣ ಕೆಲವೊಮ್ಮೆ ಬೆರಳುದ್ದದ ತಂತಿ. ಎಲಿವೇಟರ್ (ಮೂತಿಯನ್ನು ಏರಿಳಿಸುವ ಬಾಲದ ಫಲಕ), ಐಲೆರಾನ್ (ವಿಮಾನವನ್ನು ಪಕ್ಕಕ್ಕೆ ವಾಲಿಸುವ ರೆಕ್ಕೆಯ ಫಲಕ) ಜೋಡಣೆಗಳಲ್ಲಿ ಬೋಲ್ಟ್ ತಿರುಗುವ ಕಡೆ ತಲೆಯಲ್ಲಿ ಸೀಳುಗಳಿರುವ ಕ್ಯಾಸಲ್ ನಟ್ ಹಾಕಿ, ಅದರೊಳಗೆ ಕಾಟರ್ ಪಿನ್ ಎಂಬ ಈ ತಂತಿಯನ್ನು ತೂರಿಸಿ ತುದಿ ಮಡಚಬೇಕು. ಪಿನ್ ಬಿಟ್ಟುಹೋದರೂ ನೆಲದ ಮೇಲೆ ಎಲ್ಲವೂ ಸರಿಯಾಗಿಯೇ ಕಾಣುತ್ತದೆ. ಕಂಪನಕ್ಕೆ ನಟ್ ಸಡಿಲಗೊಂಡು ಬೋಲ್ಟ್ ಕಳಚಿಕೊಳ್ಳುವುದು ಎಷ್ಟೋ ಗಂಟೆ ಹಾರಿದ ಮೇಲೆ. ಬಿಚ್ಚಿದ ಪಿನ್ನನ್ನೇ ನೇರ ಮಾಡಿ ಮತ್ತೆ ಹಾಕುವ ಜಿಪುಣತನ ಬೇರೆ! ನೈಲಾನ್ ಲಾಕ್ ನಟ್ ಕೂಡ ಹಿಡಿತ ಕಳೆದುಕೊಂಡು ಬೆರಳಲ್ಲೇ ಕೊನೆತನಕ ತಿರುಗಿದರೆ ಅದನ್ನು ಎಸೆಯಲೇಬೇಕು.

ಕೇಬಲ್ ಬದಲಿಸುವಾಗ ಐಲೆರಾನ್ ಸಂಪರ್ಕ ತಿರುವುಮುರುವಾಗುವ ಅಪಾಯ ಇನ್ನೊಂದು. ಪೈಲಟ್ ಕೈಯ ಕಂಟ್ರೋಲ್ ಸಲೀಸಾಗಿ ತಿರುಗುತ್ತದೆ ಎಂದರೆ ಸಾಲದು, ಯಾವ ದಿಕ್ಕಿಗೆ ಎಂಬುದನ್ನೂ ನೋಡಬೇಕು. ಬಲಕ್ಕೆ ತಿರುಗಿಸಿದಾಗ ಬಲ ರೆಕ್ಕೆಯ ಐಲೆರಾನ್ ಮೇಲೇಳಬೇಕು, ಎಡದ್ದು ಕೆಳಗಿಳಿಯಬೇಕು. ತಪ್ಪಿದ್ದರೆ ನೆಲ ಬಿಟ್ಟ ಕ್ಷಣದಿಂದ ಪೈಲಟ್ ಮಾಡುವ ಪ್ರತಿ ತಿದ್ದುಪಡಿಯೂ ವಾಲಿಕೆಯನ್ನು ಹೆಚ್ಚಿಸುತ್ತದೆ.

ನಿಯಂತ್ರಣ ಜೋಡಣೆ ಬಿಚ್ಚಿದಾಗಲೆಲ್ಲ, ಆ ಕೆಲಸದಲ್ಲಿ ಕೈಯಿಡದ ಇನ್ನೊಬ್ಬ ಅರ್ಹ ವ್ಯಕ್ತಿ ಪ್ಯಾನೆಲ್ ಮುಚ್ಚುವ ಮೊದಲೇ ಪಿನ್ ಮುಟ್ಟಿ ನೋಡಿ ಸಹಿ ಹಾಕಬೇಕು. ಮುಚ್ಚಿದ ಮೇಲೆ ಹಾಕಿದ ಸಹಿಗೆ ಬೆಲೆಯಿಲ್ಲ. 100 ಗಂಟೆ ಹಾರಾಟಕ್ಕೊಮ್ಮೆ ಮಾಡುವ ತಪಾಸಣೆಯ ನಡುವೆ ಪಾಳಿ ಬದಲಾದರೆ, ಅರೆಬರೆ ಉಳಿದದ್ದನ್ನು ಬಾಯಲ್ಲಿ ಹೇಳದೆ ಕೆಲಸದ ಹಾಳೆಯಲ್ಲಿ ಬರೆದಿಡಬೇಕು. ದೊಡ್ಡ ದುರಸ್ತಿಯ ನಂತರದ ಮೊದಲ ಹಾರಾಟದಲ್ಲಿ ವಿದ್ಯಾರ್ಥಿಯನ್ನು ಕೂರಿಸುವುದಂತೂ ಬೇಡವೇ ಬೇಡ.

– ಒಬ್ಬ ಓದುಗ