ಸಾಲಪತ್ರದಿಂದ ಹರಾಜಿನವರೆಗೆ

ಮಾನ್ಯ ಸಂಪಾದಕರೇ,

1875ರಲ್ಲಿ ಸಾಹುಕಾರರ ವಿರುದ್ಧ ಎದ್ದ ದಖ್ಖನ್ ರೈತರ ದಂಗೆಯನ್ನು ಬರೀ ಬಡ್ಡಿಯ ಮೇಲಿನ ಸಿಟ್ಟೆಂದು ಬರೆಯುವುದು ಸರಿಯಲ್ಲ. ಕೋರ್ಟಿನ ದಾರಿಯನ್ನೂ ನೋಡಬೇಕು. 1859ರ ಕಾಲಮಿತಿ ಕಾಯ್ದೆ ಸಾಲಪತ್ರದ ದಾವೆಗೆ ಮೂರು ವರ್ಷದ ಗಡುವಿಟ್ಟಿತು. ರೈತನಿಗೆ ಅನುಕೂಲವಾಗಬೇಕಿತ್ತು, ಆದದ್ದು ತಿರುಗುಮುರುಗು. ಗಡುವು ತುಂಬುವ ಮೊದಲೇ ಸಾಹುಕಾರ ಬಾಕಿ ಬಡ್ಡಿಯನ್ನು ಅಸಲಿಗೆ ಸೇರಿಸಿ ಹೊಸ ಪತ್ರ ಬರೆಸಿಕೊಳ್ಳುತ್ತಿದ್ದ. ಮುಂದೆ ಆ ಇಡೀ ಮೊತ್ತಕ್ಕೇ ಬಡ್ಡಿ. ತೀರಿಸಿದ ಹಣಕ್ಕೆ ರಸೀದಿ ಸಿಗುತ್ತಿದ್ದುದೇ ಅಪರೂಪ. ವಿಚಾರಣೆಯ ದಿನ ರೈತ ಹಾಜರಾಗದಿದ್ದರೆ ಏಕಪಕ್ಷೀಯ ಡಿಕ್ರಿ (ಸಾಹುಕಾರನ ಮಾತನ್ನಷ್ಟೇ ಕೇಳಿ ಕೊಟ್ಟ ತೀರ್ಪು), ಆಮೇಲೆ ಜಪ್ತಿ, ಹರಾಜು.

1879ರ ರೈತ ಪರಿಹಾರ ಕಾಯ್ದೆ ಪುಣೆ, ಸಾತಾರಾ, ಸೊಲ್ಲಾಪುರ, ಅಹಮದ್‌ನಗರ ಜಿಲ್ಲೆಗಳಲ್ಲಿ ಸಾಲದ ಲೆಕ್ಕವನ್ನು ಮೊದಲಿನಿಂದ ಕೆದಕುವಂತೆ ನ್ಯಾಯಾಧೀಶರಿಗೆ ಹೇಳಿತು. ಅಡವಿಡದ ಜಮೀನನ್ನು ಹರಾಜಿನಿಂದ ಹೊರಗಿಟ್ಟಿತು. ಪಠ್ಯಪುಸ್ತಕದಲ್ಲಿ ದಂಗೆಯ ಜೊತೆ ಇದಕ್ಕೂ ಒಂದು ಪುಟ ಕೊಡಿ.

— ಓದುಗ, ಧಾರವಾಡ