ಬಿಡಿ ಸಿಗರೇಟಿನ ಜೊತೆ ಎಚ್ಚರಿಕೆ ಬರುವುದಿಲ್ಲ: ಮುಂಬಯಿ ಪಾಲಿಕೆ ಆಯುಕ್ತರಿಗೆ ಬಹಿರಂಗ ಪತ್ರ

ಮಾನ್ಯ ಆಯುಕ್ತರೇ,

ಮಾಟುಂಗಾ, ಸಯಾನ್, ಧಾರಾವಿ ಎಲ್ಲೇ ಆಗಲಿ, ಒಂದು ಟಪರಿಯ, ಅಂದರೆ ಬೀದಿಬದಿಯ ಪುಟ್ಟ ಅಂಗಡಿಯ, ಎದುರು ಐದು ನಿಮಿಷ ನಿಂತು ನೋಡಿ. ಹೋಟೆಲಿನ ಹುಡುಗ ಬಿಡುವು ಸಿಕ್ಕ ಕೂಡಲೇ ಬಂದು ಒಂದು ಕಟಿಂಗ್ ಚಹಾ, ಒಂದು ಸಿಗರೇಟು ಕೇಳುತ್ತಾನೆ. ಅಂಗಡಿಯವನು ಒಡೆದ ಪ್ಯಾಕಿನಿಂದ ಒಂದನ್ನು ತೆಗೆದು ಕೊಡುತ್ತಾನೆ. ದಾರಕ್ಕೆ ಕಟ್ಟಿ ಇಳಿಬಿಟ್ಟ ಲೈಟರಿನಿಂದ ಅಲ್ಲೇ ಹಚ್ಚಿಕೊಳ್ಳುವುದು. ಪ್ಯಾಕು ಮಾತ್ರ ಅಂಗಡಿಯಲ್ಲೇ ಉಳಿಯುತ್ತದೆ. ಅದರ ಮೇಲೆ ಶೇ. 85ರಷ್ಟು ಜಾಗ ತುಂಬಿದ ಎಚ್ಚರಿಕೆಯ ಚಿತ್ರ, ಚಟ ಬಿಡಿಸಲು ನೆರವಾಗುವ 1800-11-2356 ಎಂಬ ಉಚಿತ ಸಹಾಯವಾಣಿಯ ಸಂಖ್ಯೆ, ಎರಡೂ ಆ ಹುಡುಗನ ಕೈಗೆ ಬರುವುದೇ ಇಲ್ಲ.

ಇದೇ ಕಾರಣಕ್ಕೆ ಮಹಾರಾಷ್ಟ್ರ ಸರಕಾರ 2020ರ ಸೆಪ್ಟೆಂಬರಿನಲ್ಲಿ ಬಿಡಿ ಸಿಗರೇಟು, ಬಿಡಿ ಬೀಡಿಗಳ ಮಾರಾಟವನ್ನು ನಿಷೇಧಿಸಿತು. ಆದೇಶ ಸರಿಯಾಗಿತ್ತು. ಮಾರಾಟ ನಿಲ್ಲಲಿಲ್ಲ.

ಬಿಡಿಯಾಗಿ ಕೊಳ್ಳುವವರ ಮನಸ್ಸಿನಲ್ಲಿ ಒಂದು ಸಮಾಧಾನ ಕೂತಿರುತ್ತದೆ: "ದಿನಕ್ಕೆ ಎರಡೇ ತಾನೆ?" ಶ್ವಾಸಕೋಶದ ಕ್ಯಾನ್ಸರಿನ ವಿಷಯದಲ್ಲಿ ಎಷ್ಟು ಸೇದಿದರು, ಅದಕ್ಕಿಂತ ಹೆಚ್ಚಾಗಿ ಎಷ್ಟು ವರ್ಷ ಸೇದಿದರು ಎಂಬುದು ಮುಖ್ಯ. ಹೃದಯದ ಲೆಕ್ಕವೇ ಬೇರೆ. ದಿನಕ್ಕೆ 20 ಸೇದುವವರಿಗೆ ಹೃದ್ರೋಗದ ಅಪಾಯ ಎಷ್ಟು ಏರುತ್ತದೋ, ಅದರ ಸುಮಾರು ಅರ್ಧದಷ್ಟು ದಿನಕ್ಕೆ ಒಂದೇ ಒಂದು ಸೇದುವವರಿಗೂ ಏರುತ್ತದೆ. ರಕ್ತನಾಳದ ಒಳಪದರ ಕೆಡಲು, ರಕ್ತದ ಕಿರುಬಿಲ್ಲೆಗಳು (ಪ್ಲೇಟ್‌ಲೆಟ್) ಒಂದಕ್ಕೊಂದು ಅಂಟಿ ಹೆಪ್ಪುಗಟ್ಟಲು ಸ್ವಲ್ಪ ಹೊಗೆಯೇ ಸಾಕು. ಜೊತೆಗೆ ಹೊಗೆಯಲ್ಲಿನ ಕಾರ್ಬನ್ ಮೊನಾಕ್ಸೈಡ್, ರಕ್ತದಲ್ಲಿ ಆಮ್ಲಜನಕ ಹೊರುವ ಹಿಮೋಗ್ಲೋಬಿನ್ನಿಗೆ ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಬಲವಾಗಿ ಅಂಟಿಕೊಳ್ಳುತ್ತದೆ. ಭಟ್ಟಿಯ ಎದುರು ಹತ್ತು ಗಂಟೆ ನಿಂತು ದುಡಿಯುವವನ ಹೃದಯಕ್ಕೆ ಇದು ಸಣ್ಣ ಹೊರೆಯಲ್ಲ. ಬೀಡಿಯೂ ಸಿಗರೇಟಿಗಿಂತ ಮೇಲಲ್ಲ. ಇನ್ನು ಕ್ಷಯ: ಸೇದುವವರಿಗೆ ಅದು ತಗಲುವ ಸಂಭವ ಸುಮಾರು ಎರಡು ಪಟ್ಟು. ಒಂದೇ ಖೋಲಿಯಲ್ಲಿ ಆರೆಂಟು ಮಂದಿ ಮಲಗುವ ಈ ಊರಿನಲ್ಲಿ ಇದರ ಅರ್ಥ ತಮಗೆ ವಿವರಿಸಬೇಕಿಲ್ಲ.

ದಂಡ ಹಾಕಿದರಷ್ಟೇ ಸಾಲದು, ಬಿಡಬೇಕೆನ್ನುವವರಿಗೆ ದಾರಿಯೂ ಬೇಕು. ಪಾಲಿಕೆಯ ಆಪ್ಲಾ ದವಾಖಾನೆಗಳಲ್ಲಿ ನಿಕೋಟಿನ್ ಗಮ್, ಅಂದರೆ ಸೇದುವ ಚಡಪಡಿಕೆ ತಗ್ಗಿಸಲು ಸ್ವಲ್ಪ ನಿಕೋಟಿನ್ ಕೊಡುವ ಜಗಿಯುವ ಔಷಧಿ, ಉಚಿತವಾಗಿ ಸಿಗಲಿ, ಆದರೆ ಚೀಟಿ ಬರೆದು ಕೈಗೆ ಕೊಟ್ಟು ಕಳಿಸುವುದಲ್ಲ. ಎದ್ದ ಅರ್ಧ ಗಂಟೆಯೊಳಗೆ ಮೊದಲ ಸಿಗರೇಟು ಹಚ್ಚುವವರಿಗೆ 4 ಮಿ.ಗ್ರಾಂ., ಉಳಿದವರಿಗೆ 2 ಮಿ.ಗ್ರಾಂ. ಸಾಮಾನ್ಯ ಚೂಯಿಂಗ್ ಗಮ್ಮಿನಂತೆ ಇದನ್ನು ಒಂದೇ ಸಮನೆ ಜಗಿದರೆ ನಿಕೋಟಿನ್ ಹೊಟ್ಟೆಗಿಳಿಯುತ್ತದೆ, ಬಿಕ್ಕಳಿಕೆ, ವಾಕರಿಕೆ ಬರುತ್ತದೆ, ಜನ ಉಗಿದು ಎಸೆಯುತ್ತಾರೆ. ನಾಲಿಗೆ ಚುರುಗುಟ್ಟುವವರೆಗೆ ನಿಧಾನ ಜಗಿದು, ಕೆನ್ನೆ ಮತ್ತು ಒಸಡಿನ ನಡುವೆ ಇಟ್ಟುಕೊಳ್ಳಬೇಕು. ಚುರುಕು ಇಳಿದ ಮೇಲೆ ಮತ್ತೆ ಜಗಿಯಬೇಕು. ಹೀಗೆ ಅರ್ಧ ಗಂಟೆ. ನಮ್ಮ ಹೋಟೆಲ್ ಕಾರ್ಮಿಕರು ಎಡವುವುದು ಚಹಾದಲ್ಲಿ. ಚಹಾ, ಕಾಫಿ ಕುಡಿದ ಬಾಯಿಯಲ್ಲಿ ಹುಳಿಯ ಅಂಶವಿರುತ್ತದೆ, ನಿಕೋಟಿನ್ ಸರಿಯಾಗಿ ಹೀರಿಕೆಯಾಗುವುದಿಲ್ಲ. ಗಮ್ಮಿಗೆ 15 ನಿಮಿಷ ಮುಂಚೆ ಮತ್ತು ಅದು ಬಾಯಲ್ಲಿರುವಷ್ಟು ಹೊತ್ತು ನೀರು ಬಿಟ್ಟು ಏನೂ ಕುಡಿಯಬಾರದು. ಇನ್ನೊಂದು ತಪ್ಪು, ದಿನಕ್ಕೆ ಎರಡು ಮೂರು ಜಗಿದು "ಇದು ಕೆಲಸ ಮಾಡಲ್ಲ" ಎಂದು ಬಿಡುವುದು. ಮೊದಲ ಆರು ವಾರ ಗಂಟೆಗೋ ಎರಡು ಗಂಟೆಗೋ ಒಂದರಂತೆ ಬೇಕು, ಆಮೇಲೆ ಇಳಿಸುತ್ತ ಮೂರು ತಿಂಗಳಿಗೆ ಮುಗಿಸಬಹುದು. ಮೊದಲ ಮೂರು ದಿನ ಅತಿ ಕಷ್ಟದವು. ಆ ದಿನಗಳಲ್ಲಿ ದವಾಖಾನೆಯಿಂದ ಒಂದು ಫೋನ್ ಹೋದರೆ ಎಷ್ಟೋ ಮಂದಿ ಬಿಡುವ ನಿರ್ಧಾರದಲ್ಲೇ ಉಳಿಯುತ್ತಾರೆ.

ಉಸಿರಿನಲ್ಲಿ ಕಾರ್ಬನ್ ಮೊನಾಕ್ಸೈಡ್ ಅಳೆಯುವ ಕೈಯಂತ್ರವೊಂದು ಪ್ರತಿ ವಾರ್ಡಿನಲ್ಲಿರಲಿ. ಬಿಟ್ಟ ಒಂದೆರಡು ದಿನಕ್ಕೇ ಅಂಕಿ ಇಳಿದದ್ದನ್ನು ರೋಗಿ ತನ್ನ ಕಣ್ಣಿಂದ ಕಾಣುತ್ತಾನೆ. ಯಾವ ಉಪದೇಶಕ್ಕೂ ಆ ಬಲವಿಲ್ಲ. ಕ್ಷಯದ ಔಷಧಿ ಪಡೆಯಲು ಬರುವ ಪ್ರತಿಯೊಬ್ಬರನ್ನೂ ತಂಬಾಕಿನ ಬಗ್ಗೆ ಕೇಳಿ ದಾಖಲಿಸಲಿ.

ಶಾಲೆಗಳ 100 ಗಜದೊಳಗೆ ತಂಬಾಕು ಮಾರಬಾರದೆಂದು 2003ರ ತಂಬಾಕು ನಿಯಂತ್ರಣ ಕಾಯಿದೆಯೇ ಹೇಳಿದೆ. ಪಾಲಿಕೆ ತಾನೇ ನಡೆಸುವ ಶಾಲೆಗಳಿಂದ, ಕನ್ನಡ ಮಾಧ್ಯಮದವೂ ಸೇರಿದಂತೆ, ಗೇಟಿನಿಂದ ಟೇಪು ಹಿಡಿದು ಅಳೆಯುವ ಕೆಲಸ ಶುರುವಾಗಲಿ. ಲೈಸೆನ್ಸ್ ಇನ್‌ಸ್ಪೆಕ್ಟರರು ಟಪರಿಯಲ್ಲಿ ಮೊದಲು ನೋಡಬೇಕಾದ್ದು ಒಡೆದ ಪ್ಯಾಕು ಮತ್ತು ಆ ದಾರದ ಲೈಟರು.

ಸಹಾಯವಾಣಿಯಲ್ಲಿ ಕನ್ನಡದಲ್ಲೂ ಮಾತಾಡುವವರಿದ್ದಾರೆ. ಆ ಸಂಖ್ಯೆಯನ್ನು ಮರಾಠಿ, ಹಿಂದಿಯ ಜೊತೆ ಕನ್ನಡದಲ್ಲೂ ಬರೆಸಿ, ದವಾಖಾನೆಯ ಗೋಡೆಗಿಂತ ಮೊದಲು ಹೋಟೆಲುಗಳ ಹಿಂಬಾಗಿಲಿಗೆ ಅಂಟಿಸಬೇಕೆಂದು ಕೋರುತ್ತೇವೆ.

ಇಂತಿ,
ಮುಂಬಯಿಯ ಕನ್ನಡಿಗರ ನಡುವೆ ತಂಬಾಕು ಬಿಡಿಸುವ ಕೆಲಸದಲ್ಲಿರುವ ಆರೋಗ್ಯ ಕಾರ್ಯಕರ್ತರು