ಗಾಲಾಂನ ದಿನಚರಿಯಲ್ಲೊಬ್ಬ ಕಥೆಗಾರ

ನಮ್ಮ ಸುದ್ದಿಪತ್ರಕ್ಕೆ ಬರುವ ಅನುವಾದಗಳಲ್ಲಿ ಮೂಲ ಯಾವುದು, ಯಾರದು ಎಂಬ ಸಾಲು ಬಹುಮಟ್ಟಿಗೆ ಇರುವುದೇ ಇಲ್ಲ. ಅಲ್ಲಾವುದ್ದೀನನ ಕಥೆಗಾದರೆ 'ಅರಬ್ಬೀ ಮೂಲ' ಎಂದು ಸೇರಿಸಿದರೆ ಸಾಕೆಂದು ನಾನೂ ತಿಳಿದಿದ್ದೆ. ಆ ಕಥೆಯನ್ನು ಫ್ರೆಂಚಿಗೆ ತಂದ ಆಂತ್ವಾನ್ ಗಾಲಾಂನ ಬದುಕನ್ನು ಓದಿದ ಮೇಲೆ ಆ ನೆಮ್ಮದಿ ಉಳಿಯಲಿಲ್ಲ.

1646ರಲ್ಲಿ ಫ್ರಾನ್ಸಿನ ಪಿಕಾರ್ಡಿ ಪ್ರಾಂತದ ಬಡ ಕುಟುಂಬವೊಂದರಲ್ಲಿ ಹುಟ್ಟಿದ ಗಾಲಾಂ, 1670ರಲ್ಲಿ ಫ್ರೆಂಚ್ ರಾಯಭಾರಿಯ ಪರಿವಾರದೊಡನೆ ಕಾನ್‌ಸ್ಟಾಂಟಿನೋಪಲ್‌ಗೆ ಹೋಗಿ, ಅಲ್ಲಿಯೂ ಮುಂದಿನ ಪ್ರವಾಸಗಳಲ್ಲಿಯೂ ತುರ್ಕಿ, ಅರಬ್ಬೀ, ಪಾರಸಿ ಭಾಷೆಗಳಲ್ಲಿ ಪಳಗಿದ. ಈ ಮೂರೂ ಭಾಷೆಗಳ ಗ್ರಂಥಗಳಿಂದ ಸಾರ ತೆಗೆದು ದೆರ್ಬೆಲೊ ಎಂಬ ವಿದ್ವಾಂಸ ಕಟ್ಟುತ್ತಿದ್ದ ಮಹಾಕೋಶವನ್ನು, ಆತನ ಮರಣಾನಂತರ ಪೂರೈಸಿ 1697ರಲ್ಲಿ ಹೊರತಂದವನು ಇವನೇ. ಕಾಫಿಯ ಹುಟ್ಟು ಮತ್ತು ಹರಡುವಿಕೆಯನ್ನು ಕುರಿತ ಅರಬ್ಬೀ ಬರಹವೊಂದನ್ನು 1699ರಲ್ಲಿ ಫ್ರೆಂಚಿಗೆ ತಂದವನೂ ಇವನೇ ಎಂದರೆ ಚಿಕ್ಕಮಗಳೂರಿನ ಕಡೆಯ ಸದಸ್ಯರಿಗೆ ಅವನ ಮೇಲೆ ಅಕ್ಕರೆ ಮೂಡೀತು.

ಅವನ ಹೆಸರು ಉಳಿದಿರುವುದು ಮಾತ್ರ 'ಸಾವಿರದ ಒಂದು ರಾತ್ರಿಗಳು' ಕೃತಿಯಿಂದ. ಸಿಂದಬಾದನ ಯಾನಗಳನ್ನು ಮೊದಲು ಅನುವಾದಿಸಿದ ಗಾಲಾಂ, ಬಳಿಕ ಸಿರಿಯಾದಿಂದ ತರಿಸಿಕೊಂಡ ಹಸ್ತಪ್ರತಿಯನ್ನು ಆಧರಿಸಿ 1704ರಿಂದ ಸಂಪುಟಗಳನ್ನು ಪ್ರಕಟಿಸತೊಡಗಿದ. ಓದುಗರು ಮುಗಿಬಿದ್ದರು, ಆದರೆ ಹಸ್ತಪ್ರತಿಯಲ್ಲಿದ್ದದ್ದು ಸುಮಾರು 280 ರಾತ್ರಿಗಳು ಮಾತ್ರ. ಕಥೆ ತೀರಿತು, ಬೇಡಿಕೆ ತೀರಲಿಲ್ಲ. 1709ರಲ್ಲಿ ಎಂಟನೆಯ ಸಂಪುಟಕ್ಕೆ ಪ್ರಕಾಶಕರು ಬೇರೊಬ್ಬ ಅನುವಾದಕನ ಕಥೆಗಳನ್ನು ಗಾಲಾಂನಿಗೆ ತಿಳಿಸದೆಯೇ ಸೇರಿಸಿ ಅಚ್ಚು ಹಾಕಿದರು. ಅವನು ಸಿಟ್ಟಾದದ್ದು ಸಹಜ.

ಅದೇ ವರ್ಷ, ಪ್ಯಾರಿಸ್‌ನ ರಾಜಾ ಕಾಲೇಜಿನಲ್ಲಿ ಅವನಿಗೆ ಅರಬ್ಬೀ ಪ್ರಾಧ್ಯಾಪಕ ಪೀಠ ದೊರೆತ ವರ್ಷದಲ್ಲಿಯೇ, ಸಿರಿಯಾದ ಅಲೆಪ್ಪೊ ನಗರದಿಂದ ಪ್ಯಾರಿಸ್‌ಗೆ ಬಂದಿದ್ದ ಹನ್ನಾ ದಿಯಾಬ್ ಎಂಬ ಮರೋನೈಟ್ ಕ್ರೈಸ್ತ ತರುಣನ ಪರಿಚಯವಾಯಿತು. ಅಲ್ಲಾವುದ್ದೀನ, ಅಲಿಬಾಬಾ ಮೊದಲಾದ ಕಥೆಗಳನ್ನು ಬಾಯಿಮಾತಿನಲ್ಲಿ ಒದಗಿಸಿದವನು ಈ ಹನ್ನಾ. ಗಾಲಾಂ ಅದನ್ನೆಲ್ಲ ತನ್ನ ದಿನಚರಿಯಲ್ಲಿ ಪ್ರಾಮಾಣಿಕವಾಗಿ ಬರೆದಿಟ್ಟ, ಅಚ್ಚಾದ ಪುಸ್ತಕದಲ್ಲಿ ಮಾತ್ರ ಆ ಹೆಸರು ಹೇಳಲಿಲ್ಲ. ಪ್ರಕಾಶಕರ ವಂಚನೆಗೆ ನೊಂದವನೇ ಹೀಗೆ ಮಾಡಿದ್ದನ್ನು ಕಾಲಧರ್ಮವೆಂದು ತಳ್ಳಿಹಾಕಲು ನನಗೆ ಮನಸ್ಸು ಬರುವುದಿಲ್ಲ. ಅವನಿಗಿಂತ ಸುಮಾರು ಏಳು ಶತಮಾನ ಹಿಂದೆ ಕನ್ನಡದ ದುರ್ಗಸಿಂಹ, ತನ್ನ ಪಂಚತಂತ್ರ ವಸುಭಾಗಭಟ್ಟನ ಕೃತಿಯನ್ನು ಆಧರಿಸಿದ್ದೆಂದು ಕಾವ್ಯದಲ್ಲಿಯೇ ಹೇಳಿಕೊಂಡಿದ್ದಾನೆ. ವಿಚಿತ್ರವೆಂದರೆ, ಅದೇ ಪಂಚತಂತ್ರದ ಬಳ್ಳಿ ಪಹ್ಲವಿ, ಅರಬ್ಬೀ, ಪಾರಸಿ, ತುರ್ಕಿಗಳಲ್ಲಿ ಹಬ್ಬಿ ಗಾಲಾಂನ ಕೈಗೂ ಸಿಕ್ಕಿತ್ತು. ಅವನ ಆ ಅನುವಾದ ಅಚ್ಚಾದದ್ದು 1715ರಲ್ಲಿ ಅವನು ತೀರಿಕೊಂಡ ಮೇಲೆ, 1724ರಲ್ಲಿ.

ಹನ್ನಾ ಊರಿಗೆ ಮರಳಿ ಬಟ್ಟೆ ವ್ಯಾಪಾರಿಯಾದ. ಮುಪ್ಪಿನಲ್ಲಿ ಅವನು ಬರೆದ ಪ್ರವಾಸಕಥನದ ಹಸ್ತಪ್ರತಿ ಈಗ ವ್ಯಾಟಿಕನ್ ಗ್ರಂಥಾಲಯದಲ್ಲಿದೆ. ಅರಬ್ಬೀ ಪುಸ್ತಕಗಳನ್ನು ನೋಡಿಕೊಳ್ಳುತ್ತಿದ್ದ ಮುದುಕನೊಬ್ಬನ ಪುಸ್ತಕಕ್ಕೆ ಕೆಲವು ರಾತ್ರಿಗಳು ಕಡಿಮೆ ಬಿದ್ದಿದ್ದವು, ನನಗೆ ಗೊತ್ತಿದ್ದ ಕಥೆಗಳನ್ನು ಹೇಳಿದೆ, ಮುದುಕನಿಗೆ ಬಹಳ ಸಂತೋಷವಾಯಿತು ಎಂಬರ್ಥದ ನಾಲ್ಕು ಮಾತು ಅದರಲ್ಲಿವೆ. ಮುದುಕನ ಹೆಸರನ್ನು ಹನ್ನಾನೂ ಬರೆದಿಲ್ಲ.